ಮಿದುಳಿನ ಪರೀಕ್ಷೆಗೆ ಉರು ಹೊಡೆದವಳು

ಬಸ್ ನಿಲ್ದಾಣದಲ್ಲಿ ಮೈಕಮ್ಮನ ಮುಖ ಕಂಡವರು ಕಡಿಮೆ, ದನಿ ಕೇಳದವರು ಯಾರೂ ಇಲ್ಲ. ಟಿಕೆಟ್ ಕೌಂಟರುಗಳ ತಲೆಯ ಮೇಲೆ, ಕಬ್ಬಿಣದ ಮೆಟ್ಟಿಲು ಹತ್ತಿ ಹೋದರೆ ಸಿಗುವ ಗಾಜಿನ ಗೂಡೊಂದರಲ್ಲಿ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರಮ್ಮಿನಿಂದ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಮದುವೆಯಾದ ಹೊಸತರಲ್ಲಿ ಸೇರಿದ್ದು. ಈಗ ಕೂದಲಿಗೆ ಬಣ್ಣ ಹಚ್ಚುವುದೋ ಬಿಡುವುದೋ ಎಂದು ಕನ್ನಡಿಯ ಮುಂದೆ ನಿಂತು ಯೋಚಿಸುವ ವಯಸ್ಸು. ಇಷ್ಟು ವರ್ಷದಲ್ಲಿ ಅವಳ ಮಾತಿಗೆ ಒಂದು ಧಾಟಿ ಅಂಟಿಕೊಂಡುಬಿಟ್ಟಿತ್ತು. ಏನನ್ನೇ ನೆನಪಿಡಬೇಕಾದರೂ ಅದನ್ನು ಬಸ್ಸಿನ ಪ್ರಕಟಣೆ ಮಾಡಿಕೊಂಡರೆ ಸರಿ, ತಲೆಯಲ್ಲಿ ಕೂತುಬಿಡುತ್ತಿತ್ತು. ಅಂಗಡಿಗೆ ಹೊರಟರೆ ದಾರಿಯುದ್ದಕ್ಕೂ ತುಟಿಯೊಳಗೇ, ಸಾಬೂನು ಒಂದನೇ ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದೆ, ಸಕ್ಕರೆ ಎರಡನೇ ಪ್ಲಾಟ್‌ಫಾರಮ್ಮಿನಿಂದ ಸ್ವಲ್ಪವೇ ಹೊತ್ತಿನಲ್ಲಿ ಹೊರಡಲಿದೆ ಎಂದು ಗುನುಗಿಕೊಂಡು ಹೋಗುತ್ತಿದ್ದಳು. ಇವಳನ್ನು ಕಟ್ಟಿಕೊಂಡ ಮೇಲೆ ತನ್ನ ಮನೆಯಲ್ಲಿ ಯಾವುದೂ ಹೊತ್ತಿಗೆ ಸರಿಯಾಗಿ ಹೊರಟದ್ದಿಲ್ಲ, ಪ್ರಕಟಣೆಗೆ ಮಾತ್ರ ಕೊರತೆಯಿಲ್ಲ ಎಂದು ಗಂಡ ರೇಗಿಸುತ್ತಿದ್ದ. ಅವನು ಅದೇ ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಬಸ್ಸುಗಳ ವೈರಿಂಗ್ ನೋಡಿಕೊಳ್ಳುವ ಮೆಕ್ಯಾನಿಕ್ಕು.

ಕಾಯಿಲೆ ಬಂದದ್ದು ಮಾತ್ರ ಸದ್ದಿಲ್ಲದೆ. ಮೊದಲು ಎಡಗಾಲು ಮಾತು ಕೇಳದಾಯಿತು. ಕಬ್ಬಿಣದ ಮೆಟ್ಟಿಲಿನ ಮೇಲೆ ಅದು ಒಂದು ಗಳಿಗೆ ತಡವಾಗಿ ಬರುತ್ತಿತ್ತು, ಮುನಿಸಿಕೊಂಡ ನೆಂಟರ ಹಾಗೆ. ಆಮೇಲೆ ಒಂದು ಕಣ್ಣು ಮಂಜಾಯಿತು, ತಾನಾಗಿಯೇ ಸರಿಯೂ ಆಯಿತು. ಬೆರಳ ತುದಿಗಳಿಗೆ ಜೋಮು ಹಿಡಿಯಿತು, ಅದು ಬಿಡಲಿಲ್ಲ. ನರದ ಡಾಕ್ಟರು ತಲೆಯನ್ನು ಕೊಳವೆಯಂಥ ಯಂತ್ರದೊಳಗೆ ತೂರಿಸಿ ಚಿತ್ರ ತೆಗೆಸಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ಆ ಹೆಸರು ಹೇಳಲು ನಾಲಿಗೆ ಹೊರಳಿಸಿ ಸುಸ್ತಾದ ಮೈಕಮ್ಮನಿಗೆ ಅರ್ಥ ಬಿಡಿಸಿ ಹೇಳಿದವನು ಗಂಡ. ನರ ಅಂದರೆ ವೈರು, ಅದರ ಮೇಲಿನ ಹೊದಿಕೆ ಅಲ್ಲಲ್ಲಿ ಸುಲಿದುಹೋಗಿದೆ, ಕರೆಂಟು ಹೋಗುತ್ತದೆ, ಆದರೆ ತಡವರಿಸಿಕೊಂಡು ಹೋಗುತ್ತದೆ, ಅಷ್ಟೇ ಎಂದ. ಬಸ್ಸಿಗಾದರೆ ಟೇಪು ಸುತ್ತುತ್ತಿದ್ದೆ ಎಂದು ಹೇಳಿ ಆಚೆ ಹೋಗಿ ಬಹಳ ಹೊತ್ತು ಒಬ್ಬನೇ ನಿಂತಿದ್ದ. ಅಂದಿನಿಂದ ಅವಳು ತನ್ನನ್ನು ತಾನೇ ಸುಲಿದ ವೈರು ಎಂದು ಕರೆದುಕೊಳ್ಳತೊಡಗಿದಳು. ಬೇರೆಯವರು ಅಯ್ಯೋ ಪಾಪ ಎನ್ನುವ ಮೊದಲು ತಾನೇ ನಕ್ಕುಬಿಟ್ಟರೆ ಆ ಮಾತಿಗೆ ಜಾಗವೇ ಇರುವುದಿಲ್ಲ ಎನ್ನುವುದು ಅವಳ ಲೆಕ್ಕ.

ಈ ಕಾಯಿಲೆ ಕೈಕಾಲಿಗಷ್ಟೇ ಅಲ್ಲ, ಹೆಚ್ಚುಕಡಿಮೆ ಅರ್ಧ ಜನಕ್ಕೆ ಯೋಚನೆಯ ಚುರುಕಿಗೂ ನೆನಪಿಗೂ ಕೈಹಾಕುತ್ತದೆ, ಅದಕ್ಕೆ ವರ್ಷಕ್ಕೊಮ್ಮೆ ಎಲ್ಲರಿಗೂ ಒಂದು ಸಣ್ಣ ಪರೀಕ್ಷೆ ಮಾಡಿ ನೋಡುತ್ತೇವೆ ಎಂದು ಆಸ್ಪತ್ರೆಯವರು ಹೇಳಿದ್ದರು. ಹೋದ ವರ್ಷ ಮೊದಲ ಸಲ ಆ ಪರೀಕ್ಷೆಗೆ ಕೂತಳು. ಮಾಡಿಸಿದವಳು ಅವಳ ಮಗಳಾಗುವಷ್ಟು ಚಿಕ್ಕವಳು. ಮೈಕಮ್ಮ ಅವಳಿಗೆ ಪರೀಕ್ಷೆ ಮೇಡಂ ಎಂದೇ ಹೆಸರಿಟ್ಟಳು. ಮೇಡಂ ಮೊದಲು ಒಂದಷ್ಟು ಪದಗಳನ್ನು ಓದಿ ಹೇಳಿ, ನೆನಪಿರುವುದನ್ನು ತಿರುಗಿ ಹೇಳಿಸಿದಳು. ಆಮೇಲೆ ಒಂದು ಹಾಳೆ ಮುಂದಿಟ್ಟಳು. ಹಾಳೆಯ ನೆತ್ತಿಯ ಮೇಲೆ ಒಂಬತ್ತು ಗುರುತು, ಪ್ರತಿಯೊಂದರ ಕೆಳಗೆ ಒಂದೊಂದು ಅಂಕಿ. ಅದರ ಕೆಳಗೆ ಸಾಲುಸಾಲಾಗಿ ಬರೀ ಗುರುತುಗಳು, ಅಂಕಿಯಿಲ್ಲ. ನೆತ್ತಿಯ ಸಾಲು ನೋಡಿಕೊಂಡು, ಯಾವ ಗುರುತಿಗೆ ಯಾವ ಅಂಕಿ ಎಂದು ಒಂದೂವರೆ ನಿಮಿಷದಲ್ಲಿ ಎಷ್ಟಾಗುತ್ತದೋ ಅಷ್ಟು ಹೇಳುತ್ತಾ ಹೋಗಬೇಕು. ಹೇಳಿದಳು. ಎಲ್ಲ ಮುಗಿದ ಮೇಲೆ, ಚೆನ್ನಾಗೇ ಇದೆ ಅಮ್ಮಾ, ವೇಗ ಮಾತ್ರ ಅಂಚಿನಲ್ಲಿದೆ, ಮುಂದಿನ ವರ್ಷ ಮತ್ತೆ ನೋಡೋಣ ಎಂದಳು ಮೇಡಂ.

ಅಂಚು ಎನ್ನುವ ಮಾತು ಮೈಕಮ್ಮನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು. ಅಷ್ಟೇ ಅಲ್ಲ, ಆ ಒಂಬತ್ತು ಗುರುತುಗಳೂ ಉಳಿದವು. ಬಸ್ಸು ಹತ್ತಿ ಮನೆಗೆ ಬರುವಷ್ಟರಲ್ಲೇ ಅವೆಲ್ಲ ಪ್ರಕಟಣೆಯ ಧಾಟಿಗೆ ಬಿದ್ದು, ಮಗುಚಿದ ಬಟ್ಟಲು ಒಂದನೇ ಪ್ಲಾಟ್‌ಫಾರಂ, ಕೊಂಬಿರುವ ಗೆರೆ ಎರಡನೇ ಪ್ಲಾಟ್‌ಫಾರಂ, ಬಾಲ ಕತ್ತರಿಸಿದ ವೃತ್ತ ಮೂರನೇ ಪ್ಲಾಟ್‌ಫಾರಂ ಎಂದು ತಮ್ಮಷ್ಟಕ್ಕೆ ತಾವೇ ಹಾಡಿಕೊಳ್ಳುತ್ತಿದ್ದವು. ಪಾತ್ರೆ ತೊಳೆಯುವಾಗ ಅದು, ಬಟ್ಟೆ ಮಡಚುವಾಗ ಅದು. ಎರಡು ತಿಂಗಳಲ್ಲಿ ಅವಳ ಅತ್ತೆಗೂ ಬಾಯಿಪಾಠವಾಗಿತ್ತು.

ಅತ್ತೆಯ ವಿಷಯ ಹೇಳಬೇಕು. ಇಸ್ಪೀಟೆಲೆ ಹಿಡಿದರೆ ಬೀದಿಯ ಗಂಡಸರೆಲ್ಲ ಎದ್ದು ಹೋಗುವಂಥ ಆಟಗಾತಿ. ಎದುರಿಗೆ ಕೂತವರ ಕೈಯಲ್ಲಿ ಯಾವ ಎಲೆ ಉಳಿದಿದೆ ಎಂದು ಆಟದ ನಡುವೆಯೇ ಹೇಳಿ ಅವರ ಮುಖದ ನೀರಿಳಿಸುವುದು ಆಕೆಗೆ ಒಂದು ಚಟ. ಸೊಸೆಯ ಕಾಯಿಲೆ ಗೊತ್ತಾದಾಗ ಅಳಲಿಲ್ಲ, ಹಲುಬಲಿಲ್ಲ. ಕಾಲು ಎಳೆಯೋದಕ್ಕೂ ಅಡಿಗೆ ಮಾಡೋದಕ್ಕೂ ಸಂಬಂಧ ಇಲ್ಲ, ಕೂತು ತರಕಾರಿ ಹೆಚ್ಚು ಎಂದು ಸ್ಟೂಲು ತಂದಿಟ್ಟಿದ್ದಳು. ಆಕೆಯ ಪ್ರೀತಿಯ ಅಳತೆ ಅಷ್ಟೇ, ಆದರೆ ಸ್ಟೂಲು ಗಟ್ಟಿಯಾಗಿತ್ತು.

ಈ ವರ್ಷದ ಪರೀಕ್ಷೆಗೆ ಇನ್ನು ಸ್ವಲ್ಪವೇ ದಿನ ಇರುವಾಗ ಡೋಲಿನವರ ಪ್ರಸಂಗ ನಡೆಯಿತು. ಬೆಳಗಿನ ನೂಕುನುಗ್ಗಲು. ಗಡಿ ಕಡೆಗೆ ಹೋಗುವ ಬಸ್ಸು ನಾಲ್ಕನೇ ಪ್ಲಾಟ್‌ಫಾರಂ, ಬಂದರಿಗೆ ಹೋಗುವುದು ಆರು. ಮೈಕಮ್ಮ ಚೀಟಿ ನೋಡಿಕೊಂಡು ಹೇಳುತ್ತಿರುವಾಗಲೇ, ಬಸ್ಸುಗಳ ಓಡಾಟ ನೋಡಿಕೊಳ್ಳುವ ಕಂಟ್ರೋಲರು ಗೂಡಿನ ಕಿಟಕಿಯಲ್ಲಿ ತಲೆ ತೂರಿಸಿ, ಬಂದರಿನ ಬಸ್ಸು ಏಳಕ್ಕೆ ಎಂದು ಎಂದಿನಂತೆ ಬದಲಾವಣೆ ಕೂಗಿದ. ಅವನ ಹೆಸರು ಎಲ್ಲರ ಬಾಯಲ್ಲೂ ಗಡಿಬಿಡಿ ಎಂದೇ. ಅವನು ಕೂಗಿದ ಅಂಕಿ ಇವಳ ಬಾಯಲ್ಲಿದ್ದ ಬಸ್ಸಿಗೆ ಹೋಗಿ ಕೂತಿತು. ಗಡಿ ಬಸ್ಸು ಏಳರಲ್ಲಿದೆ ಎಂದು ಮೈಕಿನಲ್ಲಿ ಹೇಳಿಬಿಟ್ಟಳು. ಕೆಳಗೆ ದೊಡ್ಡ ದೊಡ್ಡ ಡೋಲುಗಳನ್ನು ಹೊತ್ತುಕೊಂಡು ಒಂದು ವಾದ್ಯದ ತಂಡ ನಿಂತಿತ್ತು. ಅವರು ಬೋರ್ಡು ನೋಡದೆ ಏಳಕ್ಕೆ ದಡಬಡಿಸಿ ಓಡಿ, ಡೋಲುಗಳನ್ನು ಬಸ್ಸಿನ ಮೇಲೆ ಕಟ್ಟಿಸಿ, ಬೆವರು ಒರೆಸಿಕೊಂಡು ಕೂತರು. ಗಡಿಯ ಹತ್ತಿರ ಯಾವುದೋ ಸಭೆಯಲ್ಲಿ ಬಾರಿಸಬೇಕಾಗಿದ್ದವರು ಮಧ್ಯಾಹ್ನ ಸಮುದ್ರದ ಮುಂದೆ ಇಳಿದರು. ಕೇಳುವವರಿಲ್ಲದೆ ಮೀನಿಗೆ ಬಾರಿಸಿ ಬಂದರಂತೆ ಎಂದು ಕ್ಯಾಂಟೀನಿನವರು ಉಪ್ಪುಖಾರ ಹಚ್ಚಿ ಹೇಳಿದರು. ಮೈಕಮ್ಮನೂ ನಕ್ಕಳು, ಮೀನುಗಳಿಂದ ದೂರು ಬಂದಿದೆಯಾ ಎಂದು ಕೇಳಿದಳು. ಆದರೆ ಅಂದು ಮೆಟ್ಟಿಲು ಇಳಿಯುವಾಗ ಎರಡು ಕಾಲೂ ಎಳೆಯುತ್ತಿದ್ದವು.

ಮೀನು ದೂರು ಕೊಡಲಿಲ್ಲ, ಡೋಲಿನವರು ಕೊಟ್ಟರು. ಅವಳನ್ನು ಕರೆಸಿದ ನಿಲ್ದಾಣದ ಮ್ಯಾನೇಜರು ಕೆಟ್ಟವನಲ್ಲ. ಕುರ್ಚಿ ತೋರಿಸಿ ಕೂರಿಸಿ, ಟೀ ತರಿಸಿ, ಆಮೇಲೆಯೇ ವಿಷಯಕ್ಕೆ ಬಂದ. ಕಾಲಿನ ವಿಚಾರ ನನಗೆ ಬೇಡ, ತಲೆ ಸರಿಯಾಗಿದೆ ಅಂತ ಆಸ್ಪತ್ರೆಯಿಂದ ಒಂದು ಮಾತು ಬರೆಸಿಕೊಂಡು ಬನ್ನಿ, ಇಲ್ಲದಿದ್ದರೆ ಕಳೆದುಹೋದ ಸಾಮಾನಿನ ಕೋಣೆಗೆ ಹಾಕುತ್ತೇನೆ, ಕೂತು ಮಾಡುವ ಕೆಲಸ, ಸಂಬಳದಲ್ಲಿ ಬದಲಾವಣೆ ಇಲ್ಲ ಎಂದ. ನೆನಪು ಕೈಕೊಟ್ಟವಳನ್ನು ಕಳೆದುಹೋದ ಕೊಡೆಗಳಿಗೆ ಕಾವಲು ಹಾಕುವುದು ಒಳ್ಳೆಯ ಯೋಚನೆಯೇ, ಕೊಡೆಗಳಿಗೆ ಜೊತೆಯಾಗುತ್ತದೆ ಎಂದಳು ಮೈಕಮ್ಮ. ಮ್ಯಾನೇಜರು ನಗಲಿಲ್ಲ. ಮೈಕು ಹೋದರೆ ತನ್ನಲ್ಲಿ ಉಳಿಯುವುದು ಬರೀ ಕಾಯಿಲೆ ಎನಿಸಿತು. ಕಾಲು ಹೋಗಲಿ, ಕಣ್ಣು ಮಂಜಾಗಲಿ, ದನಿ ಒಂದು ತನ್ನದಾಗಿ ಇದೆ ಎಂದು ಇಷ್ಟು ದಿನ ಧೈರ್ಯ ಹೇಳಿಕೊಂಡು ಬಂದವಳು.

ಮನೆಗೆ ಬಂದು ವಿಷಯ ಹೇಳಿದಾಗ ಮೊದಲು ಬಾಯಿ ಬಿಟ್ಟವಳು ಅತ್ತೆ.

"ಪ್ರಶ್ನೆಪತ್ರಿಕೆ ನಿನ್ನ ತಲೆಯಲ್ಲೇ ಇದೆಯಲ್ಲೇ," ಎಂದಳು. "ಇನ್ನು ಫೇಲಾಗೋದಕ್ಕೆ ಪ್ರಯತ್ನ ಪಡಬೇಕು ನೀನು."

ಹೌದಲ್ಲ ಎನಿಸಿತು. ಅದು ತಪ್ಪು ಎನ್ನುವುದು ಮೈಕಮ್ಮನಿಗೆ ಹೊಳೆಯಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು, ಆದರೆ ತಡವರಿಸಿಕೊಂಡು ಹೊಳೆಯಿತು. ಅಷ್ಟರಲ್ಲಿ ಅತ್ತೆ ಬಿಸ್ಕತ್ತಿನ ಡಬ್ಬಿಯ ರಟ್ಟನ್ನು ಕತ್ತರಿಸಿ ಎಲೆಗಳನ್ನು ಮಾಡಿ, ಒಂದೊಂದರ ಮೇಲೂ ಒಂದೊಂದು ಗುರುತು ಬರೆದು, ಅಡಿಗೆಮನೆಯ ಮೇಜಿನ ಮೇಲೆ ಕಲಸಿ ಹಂಚಲು ಶುರು ಮಾಡಿಯಾಗಿತ್ತು. ಎಲೆ ಬೀಳಬೇಕು, ಸೊಸೆ ಅಂಕಿ ಹೇಳಬೇಕು. ಮೊದಮೊದಲು ನೆತ್ತಿಯ ಸಾಲನ್ನೂ ಬರೆದು ಗೋಡೆಗೆ ಅಂಟಿಸಿದ್ದರು. ಒಂದು ವಾರ ಕಳೆದ ಮೇಲೆ ಅತ್ತೆ ಅದನ್ನು ಕಿತ್ತು ಒಲೆಗೆ ಹಾಕಿದಳು. ಗೋಡೆ ನೋಡಿದರೆ ಹೊತ್ತು ಹಾಳು, ಎಲೆ ಕಂಡರೆ ಸಾಕು ಬಾಯಿ ತೆರೆಯಬೇಕು ಎಂಬುದು ಆಕೆಯ ಪಾಠ. ತಡವಾದರೆ ಮೇಜಿನ ಮೇಲೆ ಸೌಟು ಕುಟ್ಟುತ್ತಿದ್ದಳು. ಮಧ್ಯೆ ಒಂದು ದಿನ ಗಂಡ ಬಂದು ನೋಡಿ, ಅಮ್ಮಾ, ಇದು ಅವಳ ಮಿದುಳು ನೋಡೋ ಪರೀಕ್ಷೆಯೋ ನಿನ್ನದೋ ಎಂದು ಕೇಳಿದ. ಇಬ್ಬರದೂ ಸೇರಿ ಒಂದಾದರೂ ಆಗಲಿ ಎಂದಳು ಆಕೆ.

ಪದಗಳ ಪಟ್ಟಿಯೂ ಹಾಗೆಯೇ. ಸುತ್ತಿಗೆ, ದ್ರಾಕ್ಷಿ, ಕಂಬಳಿ, ಕೊಳಲು ಎಂದು ಶುರುವಾಗುವ ಹೋದ ವರ್ಷದ ಪಟ್ಟಿ ಮೈಕಮ್ಮನಿಗೆ ಅಡಿಯಿಂದ ಮುಡಿಯವರೆಗೂ ನೆನಪಿತ್ತು. ಸುತ್ತಿಗೆ ಹೊರಟ ಕೂಡಲೇ ದ್ರಾಕ್ಷಿ ಪ್ಲಾಟ್‌ಫಾರಮ್ಮಿಗೆ ಬರುತ್ತಿತ್ತು. ಇಷ್ಟೆಲ್ಲ ನೆನಪಿಟ್ಟವಳು ನೆನಪಿನ ಪರೀಕ್ಷೆಗೆ ಹೆದರಿ ಉರು ಹೊಡೆಯುತ್ತಿದ್ದೇನಲ್ಲ, ಇದೆಂಥ ಪೆದ್ದುತನ ಎಂದು ಆಗಲೇ ಒಂದು ಗಳಿಗೆ ನಿಂತು ಯೋಚಿಸಿದ್ದರೆ ಮುಂದಿನದು ತಪ್ಪುತ್ತಿತ್ತೇನೋ. ನಿಲ್ಲಲಿಲ್ಲ. ಸೌಟು ಕುಟ್ಟುತ್ತಿತ್ತು.

ಪರೀಕ್ಷೆಯ ಕೋಣೆ ಹೋದ ವರ್ಷದ್ದೇ. ಒಂದು ಮೇಜು, ಎರಡು ಕುರ್ಚಿ, ಗೋಡೆಯ ಮೇಲೆ ಸದ್ದು ಮಾಡದ ಗಡಿಯಾರ. ಮೇಡಂ ಆರೋಗ್ಯ ವಿಚಾರಿಸಿದಳು, ನಿದ್ದೆ, ಸುಸ್ತು, ಮನಸ್ಸಿನ ಬೇಸರ ಎಲ್ಲ ಕೇಳಿದಳು. ಮೈಕಮ್ಮ ಒಳ್ಳೆಯ ವಿದ್ಯಾರ್ಥಿಯ ಹಾಗೆ ಬೆನ್ನು ನೇರ ಮಾಡಿ ಕೂತು ಎಲ್ಲದಕ್ಕೂ ಪರವಾಗಿಲ್ಲ ಎಂದಳು. ಪರೀಕ್ಷೆ ಶುರುವಾಗುವ ಮೊದಲೇ ಅವಳಿಗೆ ಗೆದ್ದ ಕಳೆ ಬಂದಿತ್ತು.

ಮೇಡಂ ಪದಗಳನ್ನು ಓದತೊಡಗಿದಳು. ಮೊದಲ ಪದ ಗಡಿಯಾರವೋ ಗಂಟೆಯೋ ಏನೋ. ಮೈಕಮ್ಮ ಸುತ್ತಿಗೆಗಾಗಿ ಕಾದಳು. ಸುತ್ತಿಗೆ ಬರಲಿಲ್ಲ. ಹೋಗಲಿ, ನಡುವೆ ಬಂದೀತು ಎಂದು ಕಾದಳು. ದ್ರಾಕ್ಷಿಯೂ ಇಲ್ಲ, ಕಂಬಳಿಯೂ ಇಲ್ಲ. ಬರಬೇಕಾದ ಬಸ್ಸಿಗೆ ಕಣ್ಣು ನೆಟ್ಟು ನಿಂತವರು ಮುಂದೆ ನಿಂತ ಬಸ್ಸನ್ನು ಕಾಣುವುದಿಲ್ಲ. ಗೂಡಿನಲ್ಲಿ ಕೂತು ಅಂಥವರನ್ನು ನೋಡಿ ಎಷ್ಟು ಸಲ ನಕ್ಕಿದ್ದಳೋ. ಪಟ್ಟಿ ಮುಗಿದಾಗ ಅವಳ ಕೈಯಲ್ಲಿ ಉಳಿದಿದ್ದು ಮೂರು ಪದ, ಅದರಲ್ಲಿ ಒಂದು ಅನುಮಾನದ್ದು. ಮತ್ತೆ ಮತ್ತೆ ಓದಿದರೂ ಹಳೆಯ ಪದಗಳು ಬಾಗಿಲಲ್ಲೇ ಅಡ್ಡ ನಿಂತು ಹೊಸಬರನ್ನು ಒಳಗೆ ಬಿಡಲಿಲ್ಲ. ಪದ ಬದಲಾಗಿದೆ ಎಂದರೆ ಹಾಳೆಯೂ ಬದಲಾಗಿರಬಹುದು ಎಂದು ಯಾರಿಗಾದರೂ ಅನಿಸಬೇಕಾದದ್ದೇ. ಇವಳಿಗೆ ಅನಿಸಿದ್ದು, ಹಾಳೆಯಲ್ಲಾದರೂ ಮಾನ ಉಳಿಸಿಕೊಳ್ಳಬೇಕು ಎಂದು.

ಹಾಳೆ ಬಂತು. ಮಗುಚಿದ ಬಟ್ಟಲು, ಕೊಂಬಿರುವ ಗೆರೆ, ಬಾಲ ಕತ್ತರಿಸಿದ ವೃತ್ತ, ಎಲ್ಲವೂ ಇದ್ದವು. ದೂರದ ಊರಿನಲ್ಲಿ ನಮ್ಮ ಬೀದಿಯವರು ಸಿಕ್ಕಂತಾಯಿತು ಮೈಕಮ್ಮನಿಗೆ. ಶುರು ಮಾಡಿ ಎಂದದ್ದೇ ತಡ, ಹೊರಟಳು. ನೆತ್ತಿಯ ಸಾಲಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅತ್ತೆ ಹೇಳಿಕೊಟ್ಟ ಹಾಗೆ ಎಲೆ ಕಂಡ ಕೂಡಲೇ ಅಂಕಿ. ಸಾಲು ಮುಗಿಸಿ ಸಾಲು, ಹಾಳೆ ಮುಗಿಯುತ್ತಾ ಬಂತು. ಒಂದೂವರೆ ನಿಮಿಷವಾದಾಗ ಅವಳು ಏದುಸಿರು ಬಿಡುತ್ತಿದ್ದಳು, ಮುಖ ಮಾತ್ರ ಬೆಳಗುತ್ತಿತ್ತು. ಇಂಥ ವೇಗವನ್ನು ಈ ಕೋಣೆ ಕಂಡಿರಲಿಕ್ಕಿಲ್ಲ ಎಂದುಕೊಂಡು ಮೇಡಮ್ಮಿನ ಮುಖ ನೋಡಿದಳು.

ಮೇಡಂ ತನ್ನ ಕಾಗದ ನೋಡುತ್ತಿದ್ದಳು. ಪೆನ್ನು ಒಂದೇ ಕಡೆ ನಿಂತಿತ್ತು. ನಿಧಾನವಾಗಿ, ತೀರ ಮೆತ್ತಗೆ, ಇವತ್ತು ಯಾರಾದರೂ ಜೊತೆಗೆ ಬಂದಿದ್ದಾರಾ ಅಮ್ಮಾ ಎಂದು ಕೇಳಿದಳು. ಆ ಮೆತ್ತಗಿನ ದನಿ ಕೇಳಿ ಮೈಕಮ್ಮನಿಗೆ ಏನೋ ಎಡವಟ್ಟಾಗಿದೆ ಎನಿಸಿತು. ಆಗ ಕಣ್ಣೆತ್ತಿ ಹಾಳೆಯ ನೆತ್ತಿ ನೋಡಿದಳು. ಮಗುಚಿದ ಬಟ್ಟಲಿನ ಕೆಳಗೆ ಆರು. ಕೊಂಬಿನ ಗೆರೆಯ ಕೆಳಗೆ ಒಂಬತ್ತು. ಬಸ್ಸುಗಳು ಅವೇ, ಪ್ಲಾಟ್‌ಫಾರಂ ಒಂದೂ ಹಳೆಯದಲ್ಲ. ಅಷ್ಟೂ ಸಾಲುಗಳನ್ನು ತಪ್ಪಾಗಿ, ಒಂದನ್ನೂ ಬಿಡದೆ ತಪ್ಪಾಗಿ, ಮಿಂಚಿನ ವೇಗದಲ್ಲಿ ಹೇಳಿ ಮುಗಿಸಿದ್ದಳು. ಡೋಲಿನವರನ್ನು ಸಮುದ್ರಕ್ಕೆ ಕಳಿಸಿದ್ದು ಏನೂ ಅಲ್ಲ, ಇವತ್ತು ಇಡೀ ನಿಲ್ದಾಣವನ್ನೇ ನೀರಿಗೆ ಇಳಿಸಿದ್ದಳು.

ಈಗ ಅವಳ ಮುಂದೆ ಎರಡೇ ದಾರಿ. ಬಾಯಿ ಮುಚ್ಚಿಕೊಂಡು ಕೂತರೆ ಬುದ್ಧಿ ಪೂರ್ತಿ ಹೋಗಿದೆ ಎಂದು ಬರೆಯುತ್ತಾರೆ, ಮೈಕು ಇವತ್ತಿಗೆ ಮುಗಿಯಿತು. ಬಾಯಿ ಬಿಟ್ಟರೆ ಕೂದಲು ನರೆತ ಹೆಂಗಸು, ಆಸ್ಪತ್ರೆಯಲ್ಲಿ, ತನ್ನದೇ ಮಿದುಳಿಗೆ ಮೋಸ ಮಾಡಲು ಹೋಗಿ ಸಿಕ್ಕಿಬಿದ್ದಳು ಎಂದಾಗುತ್ತದೆ. ಪೆದ್ದಿ ಅನ್ನಿಸಿಕೊಳ್ಳುವುದು ಮೇಲೋ ಕಳ್ಳಿ ಅನ್ನಿಸಿಕೊಳ್ಳುವುದು ಮೇಲೋ ಎಂದು ತೂಗಿ ನೋಡಿದಳು. ನೋಡಿದರೆ, ಎರಡೂ ತಾನೇ.

"ಮೇಡಂ, ನಗಬಾರದು," ಎಂದಳು. "ನನ್ನ ತಲೆ ಅಷ್ಟೊಂದು ಕೆಟ್ಟಿಲ್ಲ. ನಾನು ಕಾಪಿ ಹೊಡೆದಿದ್ದೀನಿ."

"ಎಲ್ಲಿಂದ ಅಮ್ಮಾ?"

"ಹೋದ ವರ್ಷದಿಂದ."

ಆಮೇಲೆ ಎಲ್ಲವೂ ಹೊರಗೆ ಬಂತು. ಮ್ಯಾನೇಜರು ಕೇಳಿದ ಕಾಗದ, ಧಾಟಿ, ಬಿಸ್ಕತ್ತಿನ ಡಬ್ಬಿಯ ಎಲೆ, ಅತ್ತೆಯ ಸೌಟು. ನಂಬಿಕೆ ಬರಲೆಂದು ಹೋದ ವರ್ಷದ ಪದಗಳನ್ನೆಲ್ಲ ಸುತ್ತಿಗೆಯಿಂದ ಹಿಡಿದು ಕೊನೆಯವರೆಗೆ ಒಂದೇ ಉಸಿರಿನಲ್ಲಿ ಹೇಳಿದಳು. ಮೇಡಂ ಎದ್ದುಹೋಗಿ ಕಪಾಟಿನಿಂದ ಹಳೆಯ ಪಟ್ಟಿ ತೆಗೆದು ನೋಡಿದಳು, ನೋಡಿ ಕುರ್ಚಿಗೆ ಒರಗಿದಳು. ನಗಬಾರದೆಂದು ತುಟಿ ಕಚ್ಚಿಕೊಂಡವಳು ಕೊನೆಗೆ ಸೋತಳು. ನಿಮ್ಮಂಥವರು ಬರ್ತಾರೆ ಅಂತಲೇ ಅಮ್ಮಾ, ನಾವು ಬೇರೆ ಬೇರೆ ಹಾಳೆ ಇಟ್ಟುಕೊಂಡಿರೋದು. ಆದರೆ ಅತ್ತೆಯನ್ನ ಮೇಷ್ಟ್ರು ಮಾಡಿಕೊಂಡು ಬಂದವರು ನೀವೇ ಮೊದಲು ಎಂದಳು. ನಕ್ಕು ಮುಗಿದ ಮೇಲೆ ಮುಖ ಗಂಭೀರವಾಯಿತು.

"ಇದರಲ್ಲಿ ಪಾಸು ಫೇಲು ಅಂತ ಇಲ್ಲ. ಜ್ವರ ನೋಡೋ ಕಡ್ಡಿ ಬಾಯಲ್ಲಿಟ್ಟರೆ ಅದಕ್ಕೂ ಮೋಸ ಮಾಡ್ತೀರಾ?"

"ತಣ್ಣೀರು ಕುಡಿದು ಇಟ್ಟುಕೊಂಡರೆ ಕಮ್ಮಿ ತೋರಿಸುತ್ತೆ ಮೇಡಂ."

"ತೋರಿಸುತ್ತೆ. ಜ್ವರ ಇಳಿಯುತ್ತಾ?"

ಮೇಡಂ ಬಿಡಿಸಿ ಹೇಳಿದಳು. ಹಾಳೆ ಹಳೆಯದೇ ಆಗಿದ್ದರೆ ಇವತ್ತು ನೀವು ಗೆದ್ದುಬಿಡುತ್ತಿದ್ದಿರಿ, ನಾನು ಎಲ್ಲ ಸರಿಯಿದೆ ಎಂದು ಬರೆಯುತ್ತಿದ್ದೆ, ಆಮೇಲೆ ನಿಮಗೆ ನಿಜವಾಗಿ ಎಲ್ಲಿ ಕಷ್ಟವಾಗುತ್ತಿದೆ ಎಂದು ಯಾರೂ ಹುಡುಕುತ್ತಿರಲಿಲ್ಲ ಎಂದಳು. ಇದು ಕಾಯಿಲೆ ಎಲ್ಲಿಗೆ ಬಂದಿದೆ ಎಂದು ಹೊರಗಿನಿಂದ ಕೈಯಿಟ್ಟು ನೋಡುವುದಷ್ಟೇ. ಕೈ ಇಡಲೇ ಬಿಡದಿದ್ದರೆ ಹೇಗೆ. ಹೇಳಿ, ಕೆಲಸದಲ್ಲಿ ಏನಾಯಿತು ಎಂದು ಕೇಳಿದಳು.

ಡೋಲಿನವರ ಕಥೆಯನ್ನು ಮೈಕಮ್ಮ ಆವರೆಗೆ ಎಷ್ಟೋ ಜನರಿಗೆ ಹೇಳಿದ್ದಳು, ಪ್ರತಿ ಸಲವೂ ಮೀನಿನ ಹತ್ತಿರ ಬಂದು ನಗಿಸಿ ಮುಗಿಸುತ್ತಿದ್ದಳು. ಈ ಹುಡುಗಿ ಮೀನಿನ ಹತ್ತಿರ ಹೋಗಲೇ ಬಿಡಲಿಲ್ಲ. ಆ ಗಳಿಗೆಯಲ್ಲಿ ಕಣ್ಣು ಎಲ್ಲಿತ್ತು, ಕಿವಿ ಎಲ್ಲಿತ್ತು, ಬಾಯಿ ಏನು ಹೇಳುತ್ತಿತ್ತು ಎಂದು ಬಿಡಿಬಿಡಿಯಾಗಿ ಕೇಳಿದಳು. ಹೇಳುತ್ತಾ ಹೋದ ಹಾಗೆ ಮೈಕಮ್ಮನಿಗೇ ಕಾಣತೊಡಗಿತು. ಚೀಟಿ ಮಾತ್ರ ಇದ್ದಾಗ ತಾನು ತಪ್ಪಿದ್ದಿಲ್ಲ. ಓದುತ್ತಿರುವಾಗ ಕಿಟಕಿಯಲ್ಲಿ ಗಡಿಬಿಡಿಯ ತಲೆ ಕಂಡರೆ ಮಾತ್ರ ಒಳಗೆ ಎರಡು ಬಸ್ಸು ಎದುರುಬದುರು ಬಂದು ನಿಂತಂತೆ, ಯಾವುದು ಹಿಂದೆ ಸರಿಯಬೇಕೋ ತಿಳಿಯದಂತೆ ಆಗುತ್ತಿತ್ತು. ಎರಡು ವರ್ಷದಿಂದ ಆಗುತ್ತಿತ್ತು. ಪ್ರತಿ ಸಲವೂ ನಕ್ಕು, ಸುಲಿದ ವೈರು ಎಂದು ತಳ್ಳಿಹಾಕಿದ್ದಳು. ಇದನ್ನು ಗಂಡನಿಗೂ ಹೇಳಿರಲಿಲ್ಲ.

ಸ್ವಲ್ಪ ಹೊತ್ತು ಸುಧಾರಿಸಿಕೊಂಡು, ನೀರು ಕುಡಿದು, ಇನ್ನೊಂದು ಹಾಳೆ, ಇನ್ನೊಂದು ಪಟ್ಟಿ ತೆಗೆದುಕೊಂಡರು. ಈ ಸಲ ಮೈಕಮ್ಮ ನೆತ್ತಿಯ ಸಾಲು ನೋಡಿ, ಕೆಳಗೆ ನೋಡಿ, ಮತ್ತೆ ಮೇಲೆ ನೋಡಿ ಹೇಳಿದಳು. ನಾಲಿಗೆ ಹಳೆಯ ಅಂಕಿಗಳ ಕಡೆಗೆ ಜಾರುತ್ತಲೇ ಇತ್ತು, ಮಗುವಿನ ಕಿವಿ ಹಿಂಡುವ ಹಾಗೆ ಅದನ್ನು ಹಿಂದಕ್ಕೆ ಎಳೆದುಕೊಂಡಳು. ತೀರ ನಿಧಾನ. ಹೊತ್ತು ಮುಗಿದಾಗ ಹಾಳೆ ಅರ್ಧಕ್ಕೂ ಬಂದಿರಲಿಲ್ಲ. ಇವತ್ತು ಸುಸ್ತಾಗಿದೆ, ಹಳೆಯದೂ ಅಡ್ಡ ಬಂದಿದೆ, ಹಾಗಾಗಿ ಇದನ್ನು ಪೂರ್ತಿ ಲೆಕ್ಕಕ್ಕೆ ಇಡುವುದಿಲ್ಲ, ಇನ್ನೊಂದು ದಿನ ಕರೆಸಿ ವಿವರವಾಗಿ ನೋಡುತ್ತೇವೆ ಎಂದಳು ಮೇಡಂ. ಆದರೂ ಒಂದು ಮಾತು ಹೇಳಬಲ್ಲೆ, ನೆನಪಿಗೆ ದೊಡ್ಡ ಪೆಟ್ಟು ಬಿದ್ದ ಹಾಗೆ ಕಾಣುವುದಿಲ್ಲ, ನಿಧಾನ ಮಾತ್ರ ನಿಜ, ಎರಡು ಕೆಲಸ ಒಟ್ಟಿಗೆ ಬಂದಾಗ ಇನ್ನೂ ನಿಧಾನ ಎಂದಳು.

"ಮೈಕು ಹೋಗುತ್ತಾ?" ಎಂದು ಕೇಳಿದಳು ಮೈಕಮ್ಮ. ದನಿಯಲ್ಲಿ ತಮಾಷೆ ಇರಲಿಲ್ಲ.

ಅದನ್ನು ನಾನು ಹೇಳಲಾರೆ ಎಂದಳು ಮೇಡಂ. ತಲೆ ಸರಿಯಿದೆ ಎಂದು ನಿಮ್ಮ ಮ್ಯಾನೇಜರಿಗೆ ಬೇಕಾದ ಹಾಗೆ ಬರೆಯಲಾರೆ, ಸರಿಯಿಲ್ಲ ಎಂದೂ ಬರೆಯಲಾರೆ. ಇವತ್ತು ಕಂಡದ್ದನ್ನು ಬರೆದುಕೊಡುತ್ತೇನೆ, ಏನು ಮಾಡಿದರೆ ತಪ್ಪು ಕಮ್ಮಿಯಾಗುತ್ತದೆ ಎನ್ನುವುದನ್ನೂ ಬರೆಯುತ್ತೇನೆ. ತಗೊಂಡು ಹೋಗೋದು ಬಿಡೋದು ನಿಮಗೆ ಸೇರಿದ್ದು ಎಂದು ಕಾಗದ ಬರೆದು ಕೊಟ್ಟಳು.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕಾದಿದ್ದಳು. ಅಂಕಿ ಬದಲಾಯಿಸಿದ್ದರು ಎಂದು ಕೇಳಿ ಆಕೆಯ ಮೈ ಉರಿದುಹೋಯಿತು. ಎಲೆ ಹಂಚಿದ ಮೇಲೆ ಆಟದ ನಿಯಮ ಬದಲಾಯಿಸೋದು ಯಾವ ನ್ಯಾಯ ಎಂದು ಕೂಗಾಡಿದಳು. ಕಾಗದದಲ್ಲಿದ್ದುದನ್ನು ಗಂಡ ಓದಿ ಹೇಳಿದ ಮೇಲೆ ಸ್ವಲ್ಪ ತಣ್ಣಗಾದಳು. "ಎರಡು ವರ್ಷದಿಂದ ಹಿಂಗಾಗ್ತಿತ್ತಂತಲ್ಲ, ಹೇಳೋದಕ್ಕೇನು ಧಾಡಿ?" ಎಂದಳು. "ನೀನು ನಗ್ತಾ ಇದ್ದೆ. ನಾನೂ ನಿಜ ಅಂದ್ಕೊಂಡೆ." ಮೈಕಮ್ಮ ಏನೋ ತಮಾಷೆ ಮಾಡಲು ಹೋದಳು. ಬಾಯಿ ಮುಚ್ಚು ಎಂದಳು ಅತ್ತೆ. ಅದನ್ನೇ ಅತ್ತೆ ಯಾವತ್ತೂ ಬೈಗುಳದ ದನಿಯಲ್ಲಿ ಹೇಳುತ್ತಿದ್ದಳು, ಅವತ್ತು ಬೇರೆ ದನಿಯಲ್ಲಿ ಹೇಳಿದಳು.

ಕಾಗದ ಕೊಡದೆ ಇರಬಹುದಿತ್ತು. ಕೊಡೆಗಳ ಕೋಣೆಗೆ ತಾನಾಗಿಯೇ ಹೋಗುತ್ತೇನೆ ಎಂದುಬಿಟ್ಟಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ, ಮಾನವೂ ಉಳಿಯುತ್ತಿತ್ತು. ಮಾನದ ವಿಷಯಕ್ಕೆ ಬಂದರೆ ಅದನ್ನು ಪರೀಕ್ಷೆಯ ಕೋಣೆಯಲ್ಲೇ ಬಿಟ್ಟು ಬಂದಿದ್ದೇನೆ, ಮತ್ತೆ ಹೊಸದಾಗಿ ಕಳೆದುಕೊಳ್ಳುವುದೇನು ಎಂದುಕೊಂಡು ಮ್ಯಾನೇಜರಿನ ಮುಂದೆ ಇಟ್ಟಳು. ಅವನು ಎರಡು ಸಲ ಓದಿದ. ನಿಧಾನ ಅಂತ ಇವರೇ ಬರೆದಿದ್ದಾರಲ್ಲ ಎಂದ. ನಿಧಾನವೇ ಎಂದಳು ಮೈಕಮ್ಮ. ನಾನು ಹೇಳುವಾಗ ಯಾರೂ ಕಿವಿಯಲ್ಲಿ ಕೂಗಬಾರದು, ಬದಲಾವಣೆ ಏನಿದ್ದರೂ ಚೀಟಿಯಲ್ಲಿ ಬರೆದು ಕೈಗೆ ಕೊಡಬೇಕು, ಕೊಟ್ಟ ಮೇಲೆ ನಾನು ಓದಿಕೊಳ್ಳುವಷ್ಟು ಹೊತ್ತು ನಿಲ್ಲಬೇಕು, ಇಷ್ಟು ಮಾಡಿಕೊಟ್ಟರೆ ತಪ್ಪಲಾರೆ, ತಪ್ಪಿದರೆ ನಾನೇ ಇಳಿದು ಹೋಗುತ್ತೇನೆ ಎಂದಳು. ಇಷ್ಟು ವರ್ಷದಲ್ಲಿ ತನಗಾಗಿ ಅವಳು ಆ ಕೋಣೆಯಲ್ಲಿ ಕೇಳಿದ್ದು ಅದೇ ಮೊದಲು. ಮ್ಯಾನೇಜರು ಗಲ್ಲ ತುರಿಸಿಕೊಂಡು ಯೋಚಿಸಿದ. ಬೆಳಗಿನ ನೂಕುನುಗ್ಗಲನ್ನು ಬೇರೆಯವರಿಗೆ ಕೊಡುತ್ತೇನೆ, ಅದರಲ್ಲಿ ಮಾತಿಲ್ಲ ಎಂದ. ಹಗಲಿನ ಪಾಳಿ ನಿಮಗೆ, ಸದ್ಯಕ್ಕೆ, ನೋಡೋಣ ಎಂದ. ಅರ್ಧ ಗೆದ್ದಳೋ ಅರ್ಧ ಸೋತಳೋ ಅವಳಿಗೆ ತಿಳಿಯಲಿಲ್ಲ. ಬೆಳಗಿನ ಗದ್ದಲವೇ ಅವಳಿಗೆ ಇಷ್ಟವಾಗಿದ್ದದ್ದು.

ಹಗಲಿನ ಪಾಳಿಯ ಮೊದಲ ದಿನ ಗಡಿಬಿಡಿ ಮುಖ ಊದಿಸಿಕೊಂಡಿದ್ದ. ಚೀಟಿ ಬರೆಯುವುದಕ್ಕೆ ನಾನೇನು ಗುಮಾಸ್ತನಾ ಎಂದು ಕೆಳಗೆ ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದನಂತೆ. ಮಧ್ಯಾಹ್ನದವರೆಗೆ ಎಲ್ಲ ಸುಸೂತ್ರವಾಗಿತ್ತು. ಆಮೇಲೆ ಗಡಿಯ ಬಸ್ಸಿನ ಟೈರು ಕೈಕೊಟ್ಟು, ಬದಲಿ ಬಸ್ಸು ಬಂದು, ನಿಲ್ಲುವ ಜಾಗ ಬದಲಾಯಿತು. ಗಡಿಬಿಡಿ ಮೆಟ್ಟಿಲು ಹತ್ತಿ ಓಡಿ ಬಂದು ಹಳೆಯ ಅಭ್ಯಾಸದಂತೆ ಕಿಟಕಿಯಲ್ಲಿ ತಲೆ ತೂರಿಸಿದ. ಮೈಕಮ್ಮ ಪ್ರಕಟಣೆಯ ಮಧ್ಯದಲ್ಲಿದ್ದಳು. ಮಾತು ನಿಲ್ಲಿಸಿದಳು, ಸ್ವಿಚ್ಚು ಆರಿಸಿದಳು, ಅವನು ಬಾಯಿ ತೆರೆಯುವ ಮೊದಲೇ ಖಾಲಿ ಚೀಟಿಯನ್ನೂ ಪೆನ್ನನ್ನೂ ಮುಂದೆ ಹಿಡಿದಳು.

ಅವನು ಗೊಣಗುತ್ತಾ ಚೀಟಿಯನ್ನು ಗೋಡೆಗೆ ಒತ್ತಿಹಿಡಿದು ಬರೆಯತೊಡಗಿದ. ಗಡಿ ಬಸ್ಸು ಎಂದು ಬರೆದ. ಪೆನ್ನು ನಿಂತಿತು. ನಾಲ್ಕಾ, ಐದಾ ಎಂದು ತನ್ನಷ್ಟಕ್ಕೆ ಅಂದುಕೊಂಡ. ಗಾಜಿನಿಂದ ಕೆಳಗೆ ಬಗ್ಗಿ ನೋಡಿದ, ಅಲ್ಲಿಂದ ಕಾಣಲಿಲ್ಲ. ಮೈಕಮ್ಮನ ನಾಲಿಗೆಯ ತುದಿಗೆ ಒಂದು ತಮಾಷೆ ಬಂದಿತ್ತು, ಒಳ್ಳೆಯದೇ. ಹೇಳಿದ್ದರೆ ಕ್ಯಾಂಟೀನಿನಲ್ಲಿ ತಿಂಗಳುಗಟ್ಟಲೆ ಓಡುತ್ತಿತ್ತು. ನುಂಗಿಕೊಂಡಳು.

"ಹೋಗಿ ನೋಡ್ಕೊಂಡು ಬಾಪ್ಪಾ," ಎಂದಳು. "ನಾನು ಇಲ್ಲೇ ಇರ್ತೀನಿ."

ಅವನು ದಡದಡ ಇಳಿದು ಹೋದ. ಕೆಳಗೆ ಅರ್ಧಕ್ಕೆ ನಿಂತ ಪ್ರಕಟಣೆಯ ಉಳಿದರ್ಧಕ್ಕೆ ಕಾಯುತ್ತಾ ಜನ ಗಂಟುಮೂಟೆ ಕಾಲಬುಡದಲ್ಲಿಟ್ಟುಕೊಂಡು ನಿಂತಿದ್ದರು. ಯಾರೋ ಗಡಿಯಾರ ನೋಡಿದರು, ಯಾರೋ ಬೈದರು. ಗಾಜಿನೊಳಗಿಂದ ಅವಳಿಗೆ ಅವರ ತುಟಿ ಮಾತ್ರ ಕಾಣುತ್ತಿತ್ತು, ದನಿ ಕೇಳುತ್ತಿರಲಿಲ್ಲ. ಅವಳ ಕೈ ಸ್ವಿಚ್ಚಿನ ಹತ್ತಿರ ಹೋಗುತ್ತಲೇ ಇತ್ತು. ಏನಾದರೂ ಒಂದು ಹೇಳಿ ಆ ಮೌನ ತುಂಬಬೇಕು ಎನಿಸಿತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

ಗಡಿಬಿಡಿ ಏದುಸಿರು ಬಿಡುತ್ತಾ ಮೇಲೆ ಬಂದು ಚೀಟಿ ಕೊಟ್ಟ. ಐದು ಎಂದಿತ್ತು. ಅವಳು ಒಂದು ಸಲ ಓದಿದಳು. ಅವನು ಏನೋ ಹೇಳಲು ಹೋಗಿ ತಾನೇ ಸುಮ್ಮನಾದ. ಅವಳು ಇನ್ನೊಂದು ಸಲ ಓದಿ, ಸ್ವಿಚ್ಚು ಒತ್ತಿದಳು.